ಗಂಡ ಹೆಂಡತಿ ಬೇರೆಯಾದಾಗ ಮಗುವಿನ ಆರೋಗ್ಯ ಕಾರ್ಡು ಮತ್ತು ಕಸ್ಟಡಿ: ವಿಳಾಸದ ವಿಷಯ ಹಂತ ಹಂತವಾಗಿ

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಗಂಡ ಹೆಂಡತಿ ಬೇರೆಯಾದರೆ ಸಾಮಾನ್ಯವಾಗಿ ಹೀಗಾಗುತ್ತದೆ. ಹೆಣ್ಣುಮಗಳು ಮಗುವನ್ನು ಕರೆದುಕೊಂಡು ತವರಿಗೆ ಬರುತ್ತಾಳೆ. ರೇಷನ್ ಕಾರ್ಡು ಅತ್ತೆ ಮನೆಯಲ್ಲೇ ಉಳಿಯುತ್ತದೆ. ಮಗುವಿನ ಆಧಾರ್‌ಗೆ ಅಪ್ಪನ ಮೊಬೈಲ್ ನಂಬರು ಜೋಡಣೆಯಾಗಿರುತ್ತದೆ. ಹಿರಿಯರು ಕೂತು ಪಂಚಾಯಿತಿ ಮಾಡುವುದರಲ್ಲೇ ಐದಾರು ತಿಂಗಳು ಕಳೆಯುತ್ತದೆ, ಅಷ್ಟರಲ್ಲಿ ಮಗುವಿಗೆ ಜೋರು ಕಾಯಿಲೆ ಬರುತ್ತದೆ, ಆಸ್ಪತ್ರೆಯಲ್ಲಿ ಕಾರ್ಡು ಕೊಡಿ ಅಂತಾರೆ, ಆಗ ಎಲ್ಲರಿಗೂ ದಿಕ್ಕು ತೋಚುವುದಿಲ್ಲ. ಇನ್ನೊಂದು ಕಡೆ ಗಂಡ ಬೇರೆ ಊರಿನ ಕೋರ್ಟಿನಲ್ಲಿ ಮಗು ಬೇಕು ಅಂತ ಅರ್ಜಿ ಹಾಕಿರುತ್ತಾನೆ.

ಇದನ್ನು ತಾಯಂದಿರಿಗಷ್ಟೇ ಬರೆಯುತ್ತಿಲ್ಲ. ಮಗುವನ್ನು ತಾವೇ ಸಾಕುತ್ತಿರುವ ಅಪ್ಪಂದಿರಿಗೂ, ಮಗ ಸೊಸೆ ಗುಳೆ ಹೋದಾಗ ಮೊಮ್ಮಕ್ಕಳನ್ನು ನೋಡಿಕೊಳ್ಳುವ ಅಜ್ಜ ಅಜ್ಜಿಗೂ ಇದು ಬೇಕು.

ಮೊದಲು ಇದು ತಲೆಯಲ್ಲಿರಲಿ

ಸರ್ಕಾರದ ಆರೋಗ್ಯ ಯೋಜನೆ ಕೇಳುವುದು ಒಂದೇ: ಮಗುವಿನ ಹೆಸರು ಯಾವ ಕಾರ್ಡಿನಲ್ಲಿದೆ? ಕೋರ್ಟು ಕೇಳುವುದು ಬೇರೆ: ಮಗು ನಿಜವಾಗಿ ಎಲ್ಲಿ ಊಟ ಮಾಡಿ, ಎಲ್ಲಿ ಮಲಗಿ, ಯಾವ ಶಾಲೆಗೆ ಹೋಗುತ್ತಿದೆ? ಜನ ಎರಡನ್ನೂ ಕಲಸಿಬಿಡುತ್ತಾರೆ. ಆಧಾರ್‌ನಲ್ಲಿ ವಿಳಾಸ ಬದಲಾಯಿಸಿದರೆ ಕಸ್ಟಡಿ ಸಿಕ್ಕ ಹಾಗೆ ಅಂತ ಕೆಲವರು ನಂಬಿರುತ್ತಾರೆ. ಕಸ್ಟಡಿ ಆರ್ಡರ್ ಬಂದರೆ ಆರೋಗ್ಯ ಕಾರ್ಡು ತಾನಾಗಿಯೇ ಬದಲಾಗುತ್ತದೆ ಅಂತ ಇನ್ನು ಕೆಲವರು ಸುಮ್ನೆ ಕೂತಿರುತ್ತಾರೆ. ಎರಡೂ ಆಗುವುದಿಲ್ಲ. ಎರಡು ಕೆಲಸವನ್ನೂ ಬೇರೆಬೇರೆಯಾಗಿ, ಆದರೆ ಒಟ್ಟೊಟ್ಟಿಗೆ ಶುರು ಮಾಡಬೇಕು.

ಕಾರ್ಡು ಇಲ್ಲದೆಯೂ ಸಿಗುವ ಚಿಕಿತ್ಸೆ

ಕಾರ್ಡಿನ ಗೊಂದಲದಲ್ಲಿ ಮಗುವಿನ ಲಸಿಕೆ ತಪ್ಪಿಸುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಲಸಿಕೆಗೆ ರೇಷನ್ ಕಾರ್ಡು ಬೇಡ, ಈ ಊರಿನವರೇ ಆಗಿರಬೇಕು ಅಂತಲೂ ಇಲ್ಲ. ತಾಯಿ ಕಾರ್ಡು, ಅಂದರೆ ಮಗುವಿನ ಲಸಿಕೆ ಬರೆಯುವ ಕಾರ್ಡು ತೆಗೆದುಕೊಂಡು ಹತ್ತಿರದ ಉಪಕೇಂದ್ರಕ್ಕೋ ಅಂಗನವಾಡಿಗೋ ಹೋಗಿ. ಕಾರ್ಡು ಗಂಡನ ಮನೆಯಲ್ಲೇ ಉಳಿದಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ, ಹಳೇ ಊರಿನ ಉಪಕೇಂದ್ರದ ದಾಖಲೆ ನೋಡಿ ಹೊಸದು ಬರೆಸಿಕೊಳ್ಳಿ. ಒಂದು ವರ್ಷದ ಒಳಗಿನ ಮಗುವಿಗೆ ಕಾಯಿಲೆಯಾದರೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆ, ಔಷಧಿ, ಪರೀಕ್ಷೆ ಎಲ್ಲಾ ಉಚಿತ. ಅಂಗನವಾಡಿ ಮತ್ತು ಸರ್ಕಾರಿ ಶಾಲೆಯ ಮಕ್ಕಳನ್ನು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದು ತಪಾಸಣೆ ಮಾಡುತ್ತದೆ, 18 ವರ್ಷದವರೆಗೆ. ಹೃದಯದಲ್ಲಿ ತೂತು, ಸೀಳು ತುಟಿ, ಕಿವಿ ಕೇಳದಿರುವುದು ಇಂಥವು ಎಷ್ಟೋ ಸಲ ಪತ್ತೆಯಾಗುವುದೇ ಅಲ್ಲಿ. ಅದಕ್ಕೇ ಹೊಸ ಊರಿಗೆ ಬಂದ ಕೂಡಲೇ ಮಗುವಿನ ಹೆಸರನ್ನು ಅಂಗನವಾಡಿಯಲ್ಲೋ ಶಾಲೆಯಲ್ಲೋ ಬರೆಸಿ.

ತುರ್ತಿದ್ದರೆ 108ಕ್ಕೆ ಫೋನ್ ಮಾಡಿ. ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಬಳ್ಳಾರಿಯಲ್ಲಿ ನಾವೆಲ್ಲ ಇನ್ನೂ ವಿಮ್ಸ್ ಅಂತಲೇ ಕರೆಯುವ ಮೆಡಿಕಲ್ ಕಾಲೇಜು ಆಸ್ಪತ್ರೆ, ಎಲ್ಲಿಗಾದರೂ ಹೋಗಿ. ತುರ್ತು ಸ್ಥಿತಿಯಲ್ಲಿ ಬಂದ ರೋಗಿಯನ್ನು ಸರ್ಕಾರಿ ಆಸ್ಪತ್ರೆ ವಾಪಸ್ ಕಳಿಸುವುದು ಬದುಕುವ ಹಕ್ಕಿನ ಉಲ್ಲಂಘನೆ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಕಾರ್ಡು ಆಮೇಲೆ ತರಬಹುದು.

ಕಾರ್ಡು ಬೇಕಾಗುವುದು ಎಲ್ಲಿ

ದೊಡ್ಡ ಚಿಕಿತ್ಸೆಗೆ ನಮ್ಮ ರಾಜ್ಯದಲ್ಲಿರುವುದು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ. 2018ರ ಮಾರ್ಚಿನಲ್ಲಿ ಆರೋಗ್ಯ ಕರ್ನಾಟಕ ಅಂತ ಶುರುವಾಯಿತು, ಅದೇ ವರ್ಷ ಅಕ್ಟೋಬರಿನಲ್ಲಿ ಕೇಂದ್ರದ ಯೋಜನೆ ಜೊತೆ ಸೇರಿತು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಕಾರ್ಡಿದ್ದರೆ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್ ಆದರೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರದ ಶೇ. 30ರಷ್ಟು ಮಾತ್ರ, ಅದೂ ವರ್ಷಕ್ಕೆ ಕುಟುಂಬಕ್ಕೆ 1.5 ಲಕ್ಷ ಮೀರದಂತೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಅವರೇ ರೆಫರಲ್ ಬರೆದು ಖಾಸಗಿಗೆ ಕಳಿಸುತ್ತಾರೆ. ತುರ್ತು ಚಿಕಿತ್ಸೆಗೆ ರೆಫರಲ್ ಬೇಡ.

ಇಲ್ಲಿ ಕುಟುಂಬ ಅಂದರೆ ರೇಷನ್ ಕಾರ್ಡಿನಲ್ಲಿರುವ ಹೆಸರುಗಳು. ತೊಡಕು ಶುರುವಾಗುವುದು ಇಲ್ಲೇ. 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ಮನೆಯ ಹಿರಿಯ ಹೆಣ್ಣುಮಗಳೇ ಕಾರ್ಡಿನ ಯಜಮಾನಿ, ಹಾಗಾಗಿ ಕೂಡು ಕುಟುಂಬದಲ್ಲಿ ಕಾರ್ಡು ಹೆಚ್ಚಾಗಿ ಅತ್ತೆಯ ಹೆಸರಿನಲ್ಲಿರುತ್ತದೆ. ಸೊಸೆ ಮಗುವಿನ ಜೊತೆ ಮನೆಬಿಟ್ಟು ಎರಡು ವರ್ಷವಾದರೂ ಕಾರ್ಡಿನ ಲೆಕ್ಕದಲ್ಲಿ ಅವರಿಬ್ಬರೂ ಅದೇ ಮನೆಯವರು. ಆ 5 ಲಕ್ಷವೂ ಹಂಚಿಕೆಯದ್ದು. ಮಾವನ ಬೈಪಾಸ್ ಆಪರೇಷನ್‌ಗೆ ಅದರಲ್ಲಿ ದೊಡ್ಡ ಪಾಲು ಹೋಗಿದ್ದರೆ, ಆ ವರ್ಷ ಮಗುವಿಗೆ ಉಳಿಯುವುದು ಮಿಕ್ಕಿದ್ದು ಮಾತ್ರ. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಯೋಜನೆಯ ಸಿಬ್ಬಂದಿ ಕೂತಿರುತ್ತಾರೆ. ಎಷ್ಟು ಉಳಿದಿದೆ ಅಂತ ಅವರನ್ನೇ ಕೇಳಿ.

ಕಾರ್ಡು ಬದಲಾಯಿಸುವುದು: ಯಾವುದು ಮೊದಲು, ಯಾವುದು ಆಮೇಲೆ

ಮನೆಬಿಟ್ಟು ಬರುವಾಗ ಆಗದಿದ್ದರೂ, ಆದಷ್ಟು ಬೇಗ ರೇಷನ್ ಕಾರ್ಡಿನ ನಂಬರು, ಮಗುವಿನ ಆಧಾರ್ ನಂಬರು, ಜನನ ಪ್ರಮಾಣಪತ್ರ ಇವು ನಿಮ್ಮ ಕೈಯಲ್ಲಿರಲಿ. ಫೋಟೋ ಇದ್ದರೂ ಸಾಕು. ಜನನ ಪ್ರಮಾಣಪತ್ರವನ್ನು ಯಾರೂ ಬಚ್ಚಿಟ್ಟುಕೊಂಡು ನಿಮ್ಮನ್ನು ಆಟ ಆಡಿಸಲಾಗದು, ನೋಂದಣಿಯಾದ ಕಚೇರಿಯಲ್ಲಿ ಇನ್ನೊಂದು ಪ್ರತಿ ಸಿಗುತ್ತದೆ.

ಆಮೇಲೆ ಮೊಬೈಲ್ ನಂಬರು. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ಎಲ್ಲ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಮಗುವಿನ ಆಧಾರ್‌ಗೆ ಅಪ್ಪನ ನಂಬರು ಇದ್ದರೆ ಒಟಿಪಿ ಅವರಿಗೇ ಹೋಗುತ್ತದೆ, ನೀವು ಸೇವಾ ಕೇಂದ್ರದಲ್ಲಿ ಕೂತು ಕಾಯಬೇಕಾಗುತ್ತದೆ. ಮಗುವನ್ನು ಕರೆದುಕೊಂಡು ಆಧಾರ್ ಕೇಂದ್ರಕ್ಕೆ ಹೋಗಿ ನಿಮ್ಮ ನಂಬರು ಹಾಕಿಸಿ. ಮಗುವಿಗೆ ಐದು ತುಂಬಿದ್ದರೆ ಬೆರಳಚ್ಚು ಅಪ್‌ಡೇಟ್ ಹೇಗೂ ಮಾಡಿಸಬೇಕು, ಎರಡೂ ಒಟ್ಟಿಗೆ ಆಗಲಿ. ಹದಿನೈದಕ್ಕೆ ಮತ್ತೊಮ್ಮೆ.

ವಿಳಾಸಕ್ಕೆ ನಾಡಕಚೇರಿಯಲ್ಲಿ ವಾಸಸ್ಥಳ ದೃಢೀಕರಣ ಪತ್ರಕ್ಕೆ ಅರ್ಜಿ ಹಾಕಿ. ಬಾಡಿಗೆ ಮನೆಯಾದರೆ ಕರಾರು ಪತ್ರ ಮಾಡಿಸಿಕೊಳ್ಳಿ. ತವರಿನಲ್ಲಿದ್ದರೆ ಅಪ್ಪನ ಮನೆಯ ಕರೆಂಟ್ ಬಿಲ್ಲು, ತೆರಿಗೆ ರಸೀದಿ ಜೊತೆಗಿಡಿ.

ಇನ್ನು ರೇಷನ್ ಕಾರ್ಡು. ಸಿಟ್ಟಿನಲ್ಲಿ ಮೊದಲು ಹೋಗಿ ಹಳೇ ಕಾರ್ಡಿನಿಂದ ಹೆಸರು ತೆಗೆಸಬೇಡಿ. ಹೊಸ ಬಿಪಿಎಲ್ ಕಾರ್ಡಿಗೆ, ಹೆಸರು ಸೇರಿಸುವುದಕ್ಕೆ ಆಹಾರ ಇಲಾಖೆ ಎಲ್ಲ ಕಾಲದಲ್ಲೂ ಅರ್ಜಿ ತೆಗೆದುಕೊಳ್ಳುವುದಿಲ್ಲ, ಆಗಾಗ ತೆರೆದು ಮುಚ್ಚುತ್ತದೆ. ಇಲ್ಲಿಂದ ತೆಗೆಸಿ ಅಲ್ಲಿ ಸೇರಿಸಲು ಆಗದಿದ್ದರೆ ಮಗು ಯಾವ ಕಾರ್ಡಿನಲ್ಲೂ ಇಲ್ಲದೆ ಉಳಿಯುತ್ತದೆ. ಸೇರಿಸಲು ಅವಕಾಶ ತೆರೆದಿದೆಯಾ ಅಂತ ತಾಲೂಕು ಕಚೇರಿಯ ಆಹಾರ ಶಿರಸ್ತೇದಾರರನ್ನು ಕೇಳಿ, ತೆರೆದಿದ್ದರೆ ಮಾತ್ರ ತೆಗೆಸಿ, ಅದೇ ವಾರದಲ್ಲಿ ತವರಿನ ಕಾರ್ಡಿಗೆ ಸೇರಿಸಿ ಇಲ್ಲವೇ ಹೊಸದಕ್ಕೆ ಹಾಕಿ. ಮಗುವಿಗೆ ಚಿಕಿತ್ಸೆ ನಡೆಯುತ್ತಿದ್ದರಂತೂ ಮಧ್ಯದಲ್ಲಿ ಮುಟ್ಟಲೇಬೇಡಿ. ಹಳೇ ಕಾರ್ಡಿನಲ್ಲೇ ಚಿಕಿತ್ಸೆ ಮುಗಿಯಲಿ. ಮಗುವಿನ ಹೆಸರು ಅದರಲ್ಲಿರುವವರೆಗೆ ಅದು ಮಗುವಿನ ಕಾರ್ಡೂ ಹೌದು, ಅದನ್ನು ಬಳಸಲು ಅತ್ತೆಮನೆಯವರನ್ನು ಬೇಡಬೇಕಾಗಿಲ್ಲ. ನಂಬರು ಮತ್ತು ಮಗುವಿನ ಆಧಾರ್ ಇಟ್ಟುಕೊಂಡು ಆರೋಗ್ಯ ಮಿತ್ರರ ಹತ್ತಿರ ಹೋಗಿ.

ಹೆಸರು ತೆಗೆಸಲು ಅವರು ಒಪ್ಪದಿದ್ದರೆ? ತಹಶೀಲ್ದಾರರಿಗೆ ಬರವಣಿಗೆಯಲ್ಲಿ ಕೊಡಿ. ಬೇರೆ ಇದ್ದೀವಿ, ಮಗು ನನ್ನ ಹತ್ತಿರ ಇದೆ, ಇಂಥ ಚಿಕಿತ್ಸೆ ಬೇಕಿದೆ ಅಂತ ಸರಳವಾಗಿ ಬರೆದು, ಆಸ್ಪತ್ರೆಯ ಪತ್ರ, ಶಾಲೆಯ ಪತ್ರ, ಕೇಸು ಹಾಕಿದ್ದರೆ ಅದರ ಪ್ರತಿ ಲಗತ್ತಿಸಿ. ಸ್ವೀಕೃತಿ ತೆಗೆದುಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ. ಆ ಸ್ವೀಕೃತಿ ಮುಂದೆ ಕೋರ್ಟಿನಲ್ಲೂ ಉಪಯೋಗಕ್ಕೆ ಬರುತ್ತದೆ.

ಗಂಡ ತೋರಣಗಲ್ಲಿನಂಥ ಕಡೆ ಕಾರ್ಖಾನೆಯಲ್ಲಿದ್ದು ಇಎಸ್ಐ, ಅಂದರೆ ಕಾರ್ಮಿಕರ ವಿಮೆ ಇದ್ದರೆ ಅದು ಬೇರೆಯೇ ದಾರಿ. ಮಗು ಅವರ ಜೊತೆ ಇಲ್ಲ ಅನ್ನುವ ಕಾರಣಕ್ಕೆ ಇಎಸ್ಐ ಹೋಗುವುದಿಲ್ಲ. ಕುಟುಂಬದ ವಿವರ ಬರೆಯುವ ಫಾರಂನಲ್ಲೇ, ಜೊತೆಗಿಲ್ಲದಿದ್ದರೆ ಯಾವ ಊರಿನಲ್ಲಿದ್ದಾರೆ ಅಂತ ಬರೆಯುವ ಜಾಗ ಇದೆ. ಇಎಸ್ಐ ಕಾರ್ಡಿನ ಪ್ರತಿ ಕೇಳಿ ಪಡೆಯಿರಿ. ಕೊಡದಿದ್ದರೆ ಕೋರ್ಟಿನಲ್ಲಿ ಕೇಳಿ, ಅದು ಮುಂದೆ ಹೇಳುತ್ತೇನೆ.

ಗಡಿ ದಾಟಿದ ಮದುವೆಗಳು

ಬಳ್ಳಾರಿ ಹುಡುಗಿಯನ್ನು ಆದೋನಿಗೋ ರಾಯದುರ್ಗಕ್ಕೋ ಕೊಟ್ಟಿರುತ್ತಾರೆ, ರಾಯಚೂರಿನವರನ್ನು ಗದ್ವಾಲಿಗೆ. ಸಂಬಂಧ ಚೆನ್ನಾಗಿದ್ದಾಗ ಅದು ಪಕ್ಕದ ಊರು. ಕೆಟ್ಟಾಗ ಬೇರೆ ರಾಜ್ಯ. ಆಂಧ್ರದ ಎನ್‌ಟಿಆರ್ ವೈದ್ಯ ಸೇವೆ, ತೆಲಂಗಾಣದ ಆರೋಗ್ಯಶ್ರೀ ಆಯಾ ರಾಜ್ಯದ ಕಾರ್ಡಿನವರಿಗೆ. ನಮ್ಮ ಆರೋಗ್ಯ ಕರ್ನಾಟಕಕ್ಕೆ ಕರ್ನಾಟಕದ ನಿವಾಸಿಯಾಗಿರಬೇಕು. ಮಗುವಿನ ಜೊತೆ ಬಳ್ಳಾರಿಗೆ ಬಂದು ನೆಲೆಸಿದವರು ಅಲ್ಲಿನ ಕಾರ್ಡಿನಿಂದ ಹೆಸರು ತೆಗೆಸಿದ ಪತ್ರ ತರದೆ ಇಲ್ಲಿ ಸೇರಿಸುವುದು ಕಷ್ಟ, ಯಾಕೆಂದರೆ ಆಧಾರ್ ಅಲ್ಲಿನ ಕಾರ್ಡಿಗೆ ಜೋಡಣೆಯಾಗಿರುತ್ತದೆ. ಒಂದು ದೇಶ ಒಂದು ರೇಷನ್ ಕಾರ್ಡು ಬಂದಮೇಲೆ ಅಕ್ಕಿ ಎಲ್ಲಿ ಬೇಕಾದರೂ ಸಿಗುತ್ತದೆ ನಿಜ. ಆದರೆ ರಾಜ್ಯದ ಆರೋಗ್ಯ ಯೋಜನೆ ಅಕ್ಕಿಯ ಹಾಗೆ ಜೊತೆಗೆ ಬರುವುದಿಲ್ಲ. ಕೇಂದ್ರದ ಆಯುಷ್ಮಾನ್ ಪಟ್ಟಿಯಲ್ಲೇ ಹೆಸರಿರುವ ಕುಟುಂಬಕ್ಕೆ ಮಾತ್ರ ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ಅವಕಾಶ ಇದೆ. 14555ಕ್ಕೆ ಫೋನ್ ಮಾಡಿ ನಿಮ್ಮ ಹೆಸರು ಆ ಪಟ್ಟಿಯಲ್ಲಿದೆಯಾ ಕೇಳಿ.

ಕಸ್ಟಡಿ: ಯಾವ ಊರಿನ ಕೋರ್ಟು?

ಮಗುವಿನ ಪಾಲನೆಗೆ ಅರ್ಜಿ ಹಾಕುವ ಮುಖ್ಯ ಕಾಯ್ದೆ 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆ. ಹಳೆಯದು, ಆದರೆ ಇವತ್ತಿಗೂ ಅದೇ ನಡೆಯುವುದು, ಎಲ್ಲ ಧರ್ಮದವರೂ ಹಾಕಬಹುದು. ಅದರ 9ನೇ ಕಲಂ ಹೇಳುವುದು: ಮಗು ಸಾಮಾನ್ಯವಾಗಿ ವಾಸವಿರುವ ಜಾಗದ ಕೋರ್ಟಿಗೆ ಹೋಗಬೇಕು. ಕೌಟುಂಬಿಕ ನ್ಯಾಯಾಲಯ ಇದ್ದರೆ ಅಲ್ಲಿ, ಇಲ್ಲದಿದ್ದರೆ ಜಿಲ್ಲಾ ನ್ಯಾಯಾಲಯ.

ಸಾಮಾನ್ಯವಾಗಿ ವಾಸ ಅಂದರೆ ಏನು? ಇಷ್ಟು ತಿಂಗಳು ಅಂತ ಕಾಯ್ದೆಯಲ್ಲಿ ಲೆಕ್ಕ ಇಲ್ಲ. ಇದು ಆಯಾ ಪ್ರಕರಣದ ಸಂಗತಿ ನೋಡಿ ತೀರ್ಮಾನಿಸುವ ಪ್ರಶ್ನೆ ಅಂತ 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಗು ಎಲ್ಲಿ ಓದುತ್ತಿದೆ, ಯಾರ ಜೊತೆ ಇದೆ, ಅಲ್ಲೇ ಇರುವ ಉದ್ದೇಶದಿಂದ ಬಂದಿದ್ದಾ ಇಲ್ಲಾ ರಜೆಗೆ ಬಂದಿದ್ದಾ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಜಾತ್ರೆಗೆ ಅಂತ ಕರೆದುಕೊಂಡು ಹೋಗಿ ಮಗುವನ್ನು ಅಲ್ಲೇ ಉಳಿಸಿಕೊಂಡು ಮಾರನೇ ವಾರ ಅದೇ ಊರಿನ ಕೋರ್ಟಿಗೆ ಹೋದರೆ ಅದು ಮಗುವಿನ ವಾಸಸ್ಥಳ ಅನ್ನಿಸಿಕೊಳ್ಳುವುದಿಲ್ಲ. ಎರಡೂ ಕಡೆಯವರಿಗೆ ನಾನು ಕೈಮುಗಿದು ಹೇಳುವುದು ಇದನ್ನೇ, ಮಗುವನ್ನು ರಾತ್ರೋರಾತ್ರಿ ಎತ್ತಿಕೊಂಡು ಹೋಗಬೇಡಿ. ಮಗು ಹೆದರುತ್ತದೆ, ಕೇಸಿಗೂ ಅದು ಹಾನಿ.

ದಾಖಲೆ ಹೇಗೆ ಕಟ್ಟಿಕೊಳ್ಳಬೇಕು ಅಂದರೆ, ಶಾಲೆಯಿಂದ ಶುರು ಮಾಡಿ. ಟಿಸಿ ಇನ್ನೂ ಬಂದಿಲ್ಲ ಅಂತ ಸರ್ಕಾರಿ ಶಾಲೆ ಎಂಟನೇ ತರಗತಿವರೆಗೆ ಮಗುವನ್ನು ಹೊರಗಿಡುವ ಹಾಗಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂನಲ್ಲೇ ಇದೆ. ದಾಖಲಾದ ದಿನದಿಂದ ಹಾಜರಿ ಪುಸ್ತಕ ನಿಮ್ಮ ಪರ ಮಾತಾಡುತ್ತದೆ. ಅಂಗನವಾಡಿಯ ದಾಖಲೆ, ತಾಯಿ ಕಾರ್ಡಿನಲ್ಲಿ ಹೊಸ ಉಪಕೇಂದ್ರದ ಲಸಿಕೆ ದಿನಾಂಕ, ಸರ್ಕಾರಿ ಆಸ್ಪತ್ರೆಯ ಒಪಿ ಚೀಟಿ, ಇವನ್ನೆಲ್ಲ ಒಂದು ಫೈಲಿನಲ್ಲಿ ದಿನಾಂಕದ ಪ್ರಕಾರ ಜೋಡಿಸಿ. ಆರೋಗ್ಯದ ಕಾಗದ ಕಸ್ಟಡಿಗೆ ನೆರವಾಗುವುದು ಹೀಗೆ. ಮಗುವಿಗೆ ಜ್ವರ ಬಂದಾಗ ಯಾರು ಆಸ್ಪತ್ರೆಗೆ ಕರೆದುಕೊಂಡು ಹೋದರು ಅನ್ನುವುದು ಆ ಚೀಟಿಯಿಂದ ಗೊತ್ತಾಗುತ್ತದೆ, ಅದಕ್ಕಿಂತ ಗಟ್ಟಿ ಸಾಕ್ಷಿ ಯಾವುದಿದೆ?

ತೀರ್ಪು ಕೊಡುವಾಗ ಕೋರ್ಟು ನೋಡುವುದು ಮಗುವಿನ ಹಿತ. ಹಿಂದೂ ಕುಟುಂಬದಲ್ಲಿ ಐದು ವರ್ಷದ ಒಳಗಿನ ಮಗು ಸಾಮಾನ್ಯವಾಗಿ ತಾಯಿ ಹತ್ತಿರ ಅಂತ 1956ರ ಕಾಯ್ದೆ ಹೇಳುತ್ತದೆ. ಅಪ್ಪನೇ ಮೊದಲ ಪೋಷಕ, ತಾಯಿ ಆಮೇಲೆ ಅಂತ ಜನ ಇನ್ನೂ ಹೇಳುತ್ತಾರೆ. ಅಪ್ಪ ಬದುಕಿದ್ದರೂ ಮಗುವಿನ ಜವಾಬ್ದಾರಿ ತೆಗೆದುಕೊಳ್ಳದಿದ್ದಾಗ ತಾಯಿ ಸಹಜ ಪೋಷಕಿಯಾಗಬಹುದು ಅಂತ ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿಯಾಗಿದೆ. ಮಗು ತಿಳಿದು ಹೇಳುವ ವಯಸ್ಸಿನದಾದರೆ ಅದರ ಇಷ್ಟವನ್ನೂ ಕೇಳುತ್ತಾರೆ. ದಯವಿಟ್ಟು ಮಗುವಿಗೆ ಮಾತು ಕಲಿಸಿ ಕಳಿಸಬೇಡಿ.

ಒಂದು ಸಲ ಕೋರ್ಟು ನಿಮ್ಮನ್ನು ಪೋಷಕರಾಗಿ ನೇಮಿಸಿದರೆ, ಆಮೇಲೆ ಮಗುವನ್ನು ಆ ಕೋರ್ಟಿನ ವ್ಯಾಪ್ತಿಯಿಂದ ಹೊರಗೆ ಇರಿಸಲು ಅನುಮತಿ ಬೇಕು, 26ನೇ ಕಲಂ. ಕೆಲಸಕ್ಕೆ ಬೆಂಗಳೂರಿಗೆ ಹೋಗುವ ಯೋಚನೆ ಇದ್ದರೆ ಮೊದಲೇ ಕೇಳಿ.

ಬೇಗ ಬೇಕಾದರೆ

ಹೊಡೆತ ಬಡಿತ, ಹಿಂಸೆ ಇದ್ದು ಮನೆಬಿಟ್ಟ ಹೆಣ್ಣುಮಕ್ಕಳಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹತ್ತಿರದ ದಾರಿ. ಇಲ್ಲಿ ವಾಸದ ನಿಯಮ ತುಂಬಾ ಸಡಿಲ. ನೀವು ತಾತ್ಕಾಲಿಕವಾಗಿ ಇರುವ ಊರಿನ ಮ್ಯಾಜಿಸ್ಟ್ರೇಟ್ ಹತ್ತಿರವೂ ಹೋಗಬಹುದು. ತವರು ಮಾನ್ವಿಯಾದರೆ ಮಾನ್ವಿ, ಗಂಗಾವತಿಯಾದರೆ ಗಂಗಾವತಿ. 21ನೇ ಕಲಂನಲ್ಲಿ ಮಗುವಿನ ತಾತ್ಕಾಲಿಕ ಕಸ್ಟಡಿ ಕೇಳಬಹುದು, 20ನೇ ಕಲಂನಲ್ಲಿ ಆಸ್ಪತ್ರೆ ಖರ್ಚು. ಅಂದರೆ ನಮ್ಮ ಎರಡೂ ವಿಷಯ ಒಂದೇ ಅರ್ಜಿಯಲ್ಲಿ. ಅರ್ಜಿ ಬರೆಯಲು ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅದೇ ಸಿಡಿಪಿಒ ಕಚೇರಿಗೆ ಹೋಗಿ, ಅವರೇ ಸಂರಕ್ಷಣಾಧಿಕಾರಿ. ಜೀವನಾಂಶದ ಅರ್ಜಿಯನ್ನೂ ಹೆಂಡತಿ ತಾನಿರುವ ಊರಿನಲ್ಲೇ ಹಾಕಬಹುದು, ಈಗ ಅದು ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ. ಡೈವೋರ್ಸ್ ಕೇಸನ್ನೂ ಹಿಂದೂ ವಿವಾಹ ಕಾಯ್ದೆಯಲ್ಲಿ ಹೆಂಡತಿ ತಾನಿರುವಲ್ಲಿ ಹಾಕಬಹುದು, ಅದರೊಳಗೇ ಮಗುವಿನ ಕಸ್ಟಡಿ ಕೇಳಬಹುದು.

ಆರ್ಡರಿನಲ್ಲಿ ಬರೆಸಿಕೊಳ್ಳಬೇಕಾದ ಮಾತು

ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು. ಕಸ್ಟಡಿ ಆರ್ಡರಿನಲ್ಲಿ ಮಗು ತಾಯಿ ಹತ್ತಿರ ಇರಲಿ, ಅಪ್ಪ ಭಾನುವಾರ ಭೇಟಿಯಾಗಲಿ ಅಂತ ಇರುತ್ತದೆ, ಕಾರ್ಡಿನ ಮಾತೇ ಇರುವುದಿಲ್ಲ. ಯಾಕೆಂದರೆ ಯಾರೂ ಕೇಳಿರುವುದಿಲ್ಲ. ಮಧ್ಯಂತರ ಅರ್ಜಿಯಲ್ಲೇ ನಿಮ್ಮ ವಕೀಲರಿಗೆ ಹೇಳಿ ಇಷ್ಟು ಕೇಳಿಸಿ: ಮಗುವಿನ ಮೂಲ ದಾಖಲೆಗಳನ್ನು ಇಂಥ ದಿನದೊಳಗೆ ಕೊಡಬೇಕು, ಹಳೇ ರೇಷನ್ ಕಾರ್ಡಿನಿಂದ ಮಗುವಿನ ಹೆಸರು ತೆಗೆದು ಹೊಸದಕ್ಕೆ ಸೇರಿಸಲು ಎದುರುದಾರರು ಸಹಕರಿಸಬೇಕು, ಇಎಸ್ಐನಲ್ಲಿ ಮಗುವಿನ ಹೆಸರು ಮುಂದುವರಿಸಬೇಕು, ಆಪರೇಷನ್ ಒಪ್ಪಿಗೆಗೆ ಮಗು ಇರುವವರ ಸಹಿ ಸಾಕು. ಹಿರಿಯರ ಸಮ್ಮುಖದಲ್ಲಿ ರಾಜಿಯಾಗುತ್ತಿದ್ದರೂ ಇದೇ ಮಾತು ರಾಜಿ ಪತ್ರದಲ್ಲಿ ಬರಲಿ, ಆ ರಾಜಿಯನ್ನು ಕೋರ್ಟಿಗೆ ಸಲ್ಲಿಸಿ ಆರ್ಡರ್ ಮಾಡಿಸಿಕೊಳ್ಳಿ. ಬರೀ ಛಾಪಾ ಕಾಗದದ ಮೇಲೆ ಬರೆದದ್ದನ್ನು ತಾಲೂಕು ಕಚೇರಿ ಒಪ್ಪದೆ ಹೋಗಬಹುದು.

ಗುಳೆ ಹೋದವರ ಮಕ್ಕಳು

ಲಿಂಗಸುಗೂರು, ದೇವದುರ್ಗ, ಕುಷ್ಟಗಿ ಕಡೆ ದೀಪಾವಳಿ ಆದಮೇಲೆ ಊರೇ ಖಾಲಿಯಾಗುತ್ತದೆ, ಮಕ್ಕಳು ಅಜ್ಜಿ ಹತ್ತಿರ. ಇಲ್ಲಿ ಜಗಳ ಇಲ್ಲ, ಆದರೂ ತೊಂದರೆ ಅದೇ. ಹೊರಡುವ ಮುಂಚೆ ಎಲ್ಲರ ರೇಷನ್ ಕಾರ್ಡು ಇ-ಕೆವೈಸಿ ಮುಗಿಸಿ. ಮೂಲ ಕಾರ್ಡು, ಮಗುವಿನ ಆಧಾರ್ ಅಜ್ಜಿ ಹತ್ತಿರ ಇರಲಿ. ಮಗುವಿನ ಚಿಕಿತ್ಸೆಗೆ ಒಪ್ಪಿಗೆ ಕೊಡಲು ಇವರಿಗೆ ಅಧಿಕಾರ ಕೊಟ್ಟಿದ್ದೇವೆ ಅಂತ ಅಪ್ಪ ಅಮ್ಮ ಇಬ್ಬರೂ ಸಹಿ ಮಾಡಿದ ಪತ್ರ, ಇಬ್ಬರ ಫೋನ್ ನಂಬರು ಸಮೇತ, ಒಂದಿರಲಿ. ಹನ್ನೆರಡರ ಒಳಗಿನ ಮಗುವಿಗೆ ಕಾನೂನುಬದ್ಧವಾಗಿ ನೋಡಿಕೊಳ್ಳುತ್ತಿರುವವರ ಒಪ್ಪಿಗೆಯನ್ನು ನ್ಯಾಯ ಸಂಹಿತೆಯ 27ನೇ ಕಲಂ ಒಪ್ಪುತ್ತದೆ, ಒಪ್ಪಿಗೆ ಪಡೆಯಲು ಸಮಯವೇ ಇಲ್ಲದ ತುರ್ತಿನಲ್ಲಿ ಡಾಕ್ಟರು ಕಾಯಬೇಕಾಗಿಲ್ಲ.

371ಜೆ, ಅಂದರೆ ಕಲ್ಯಾಣ ಕರ್ನಾಟಕದವರಿಗೆ ಓದು, ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ ವಿಧಿಯ ಬಗ್ಗೆ ಒಂದು ಮಾತು. ಮಗು ನಾಳೆ ಬೇರೆ ಕಡೆ ಬೆಳೆದರೂ ಕಲ್ಯಾಣ ಕರ್ನಾಟಕದ ಸ್ಥಳೀಯತೆ ಪತ್ರಕ್ಕೆ ಸಹಾಯಕ ಆಯುಕ್ತರ ಕಚೇರಿಗೆ ಹೋಗಬೇಕಾಗುತ್ತದೆ. ಜನನ ಪ್ರಮಾಣಪತ್ರ, ಇಲ್ಲಿ ಓದಿದ ವರ್ಷಗಳ ವ್ಯಾಸಂಗ ಪತ್ರ, ತಂದೆ ತಾಯಿ ಇಲ್ಲಿಯವರು ಅನ್ನುವ ದಾಖಲೆ ಈಗಲೇ ಎತ್ತಿಡಿ. ಬೇರೆಯಾಗಿ ಹತ್ತು ವರ್ಷ ಆದಮೇಲೆ ಗಂಡನ ಮನೆಗೆ ಹೋಗಿ ಅವರ ಸರ್ಟಿಫಿಕೇಟ್ ಕೇಳುವುದು ಸುಲಭ ಅಲ್ಲ.

ದುಡ್ಡಿಲ್ಲದಿದ್ದರೆ

ಹೆಣ್ಣುಮಕ್ಕಳಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕೋರ್ಟಿನ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ, ತಾಲೂಕಿನಲ್ಲೂ ಸಮಿತಿ ಇರುತ್ತದೆ, ಫೋನ್ 15100. ಮಗುವನ್ನು ಅಕ್ರಮವಾಗಿ ಎತ್ತಿಕೊಂಡು ಹೋಗಿ ತೋರಿಸುತ್ತಲೇ ಇಲ್ಲ ಅಂದರೆ ಮಗುವನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಅಂತ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು: ಬಳ್ಳಾರಿ, ಕೊಪ್ಪಳದವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ. ಪ್ರಾಧಿಕಾರಕ್ಕೆ ಹೋಗುವಾಗ ಮೇಲೆ ಹೇಳಿದ ಆ ಫೈಲು, ಮದುವೆಯ ಒಂದು ಫೋಟೋ ಅಥವಾ ಲಗ್ನಪತ್ರಿಕೆ, ನಿಮ್ಮ ಆಧಾರ್, ತಹಶೀಲ್ದಾರರ ಕಚೇರಿಯ ಸ್ವೀಕೃತಿ ಇಷ್ಟು ತೆಗೆದುಕೊಂಡು ಹೋಗಿ, ಮೂಲ ಪ್ರತಿ ಯಾರಿಗೂ ಕೊಡಬೇಡಿ, ಜೆರಾಕ್ಸ್ ಕೊಡಿ.